ಎಳೆದ ಉಣ್ಣೆ, ಎಳೆಯದ ಉಣ್ಣೆ: ಯಾವ ಕೆಲಸಕ್ಕೆ ಯಾವುದು?

ಒಂದು ಕೈಯಲ್ಲಿ 19 ಮೈಕ್ರಾನ್ ದಪ್ಪದ (ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಭಾಗ) ಉಣ್ಣೆಯನ್ನು ಎಳೆದು 16ಕ್ಕೆ ಇಳಿಸಿದ ನೂಲು. ಇನ್ನೊಂದು ಕೈಯಲ್ಲಿ ಕುರಿಯ ಮೈಮೇಲೆಯೇ 16 ಮೈಕ್ರಾನ್ ಆಗಿ ಬೆಳೆದ ಉಣ್ಣೆಯ ನೂಲು. ಮುಟ್ಟಿದರೆ ಎರಡೂ ಮೆತ್ತಗಿವೆ, ಬೆಲೆ ಮಾತ್ರ ಬೇರೆ. ಯಾವುದನ್ನು ಕೊಳ್ಳಲಿ ಎಂದು ನೂಲುವವರೂ ಹೆಣೆಯುವವರೂ ಕೇಳುತ್ತಲೇ ಇರುತ್ತಾರೆ. ಜವಳಿ ಶಾಸ್ತ್ರ ಓದುವವರ ಪ್ರಶ್ನೆಗಳು ಇನ್ನಷ್ಟು ಒಳಗೆ ಹೋಗುತ್ತವೆ: ಎಳೆಯುವುದೇ ಆದರೆ ಹಬೆಯಲ್ಲೋ, ರಾಸಾಯನಿಕದಲ್ಲೋ? ಯಾವ ಪ್ರಾಣಿಯ ಕೂದಲು ಎಳೆತವನ್ನು ತಾಳುತ್ತದೆ, ಯಾವುದನ್ನು ಮುಟ್ಟದೆ ಬಿಡುವುದು ಲೇಸು?

ಉತ್ತರ ಹೇಳುವ ಮೊದಲು ಒಂದು ಸಣ್ಣ ಪ್ರಯೋಗ. ಉದ್ದವಾದ ಕೂದಲೊಂದನ್ನು ನೀರಿನಲ್ಲಿ ನೆನೆಸಿ, ಎರಡೂ ತುದಿ ಹಿಡಿದು ನಿಧಾನವಾಗಿ ಎಳೆಯಿರಿ. ಮೊದಲು ಒಂದಿಷ್ಟು ಬಿಗಿ ಸಿಗುತ್ತದೆ. ಆಮೇಲೆ ಏನೋ ಸಡಿಲವಾದಂತೆ ಕೂದಲು ಸರಾಗವಾಗಿ ಬರುತ್ತದೆ. ಕೊನೆಗೆ ಮತ್ತೆ ಬಿಗಿಯುತ್ತದೆ. ಪ್ರಯೋಗಾಲಯದ ಯಂತ್ರವೂ ಒದ್ದೆ ಉಣ್ಣೆಯಲ್ಲಿ ಇದನ್ನೇ ಕಾಣುತ್ತದೆ: ಸುಮಾರು 2% ಹಿಗ್ಗುವವರೆಗೆ ಬಿಗಿ, ಅಲ್ಲಿಂದ 30%ವರೆಗೆ ಸರಾಗ, 30% ದಾಟಿದ ಮೇಲೆ ಮತ್ತೆ ಬಿಗಿ. ಸರಾಗವಾದ ಹಂತದಲ್ಲೇ ಎಳೆತ ನಿಲ್ಲಿಸಿ ಕೂದಲನ್ನು ನೀರಿನಲ್ಲೇ ಬಿಟ್ಟರೆ ಅದು ಹಳೆಯ ಉದ್ದಕ್ಕೆ ಮರಳುತ್ತದೆ. ಹೀಗೆ ಮರಳುವ ಗುಣವನ್ನು ಉಳಿಸಿಕೊಳ್ಳಬೇಕೋ, ಬಿಟ್ಟುಕೊಡಬೇಕೋ ಎಂಬುದೇ ಆಯ್ಕೆಯ ತಿರುಳು. ಎಷ್ಟು ಎಳೆದರು ಎಂಬುದಕ್ಕಿಂತ, ಎಳೆದ ಮೇಲೆ ಹೇಗೆ ನಿಲ್ಲಿಸಿದರು ಎಂಬುದು ದೊಡ್ಡ ಮಾತು.

ಎಳೆಯ ಒಳಗೆ ಏನಾಗುತ್ತದೆ

ಉಣ್ಣೆ, ಕೂದಲು, ಉಗುರು, ಕೊಂಬು ಎಲ್ಲವೂ ಕೆರಾಟಿನ್ ಎಂಬ ಪ್ರೋಟೀನಿನಿಂದ ಆದವು. ಉಣ್ಣೆಯಲ್ಲಿ ಈ ಪ್ರೋಟೀನಿನ ಹಲವು ಸರಪಳಿಗಳು ಆಲ್ಫಾ ಸುರುಳಿಯಾಗಿ ಸುತ್ತಿಕೊಂಡಿರುತ್ತವೆ. ಸುರುಳಿಗಳು ಒಂದನ್ನೊಂದು ಹೆಣೆದುಕೊಂಡು ಸುಮಾರು 7 ನ್ಯಾನೋಮೀಟರ್ ದಪ್ಪದ ತಂತುಗಳಾಗುತ್ತವೆ. ಆ ತಂತುಗಳು ಗಂಧಕ ಹೆಚ್ಚಾಗಿರುವ ಇನ್ನೊಂದು ಪ್ರೋಟೀನಿನ ಗಚ್ಚಿನಲ್ಲಿ ಹುದುಗಿರುತ್ತವೆ. ಸುರುಳಿಯ ಸುತ್ತುಗಳನ್ನು ಹಿಡಿದಿಡುವುದು ಹೈಡ್ರೋಜನ್ ಬಂಧ. ನೀರು ತಾಗಿದರೆ ಗಚ್ಚು ಮೆತ್ತಗಾಗಿ ಅದು ಬೇಗ ಸಡಿಲಗೊಳ್ಳುತ್ತದೆ. ಸರಪಳಿಗಳನ್ನು ಒಂದಕ್ಕೊಂದು ಬೆಸೆದಿರುವುದು ಎರಡು ಗಂಧಕದ ಪರಮಾಣುಗಳು ಕೈಹಿಡಿದ ಡೈಸಲ್ಫೈಡ್ ಬಂಧ. ಇದು ಗಟ್ಟಿ, ಬರೀ ನೀರಿಗೆ ಜಗ್ಗುವುದಿಲ್ಲ.

ಎಳೆದಾಗ ಸುರುಳಿ ಬಿಚ್ಚಿಕೊಳ್ಳುತ್ತದೆ. ಸುರುಳಿಯಲ್ಲಿ ಒಂದೊಂದು ಅಮೈನೋ ಆಮ್ಲವೂ ಸುಮಾರು 1.5 ಆಂಗ್‌ಸ್ಟ್ರಾಮ್ (ಒಂದು ಆಂಗ್‌ಸ್ಟ್ರಾಮ್ ಎಂದರೆ ನ್ಯಾನೋಮೀಟರಿನ ಹತ್ತನೇ ಒಂದು ಭಾಗ) ಉದ್ದ ಹಿಡಿದರೆ, ಬಿಚ್ಚಿ ನೀಳವಾದ ಬೀಟಾ ರೂಪದಲ್ಲಿ ಸುಮಾರು 3.3 ಆಂಗ್‌ಸ್ಟ್ರಾಮ್ ಹಿಡಿಯುತ್ತದೆ. ಇಂಗ್ಲೆಂಡಿನ ಲೀಡ್ಸ್‌ನಲ್ಲಿ ಭೌತವಿಜ್ಞಾನಿ ವಿಲಿಯಂ ಆಸ್ಟ್‌ಬರಿ 1930ರ ದಶಕದ ಆರಂಭದಲ್ಲಿ ಎಳೆದ ಉಣ್ಣೆಯ ಮೂಲಕ ಕ್ಷ-ಕಿರಣ ಹಾಯಿಸಿ ಈ ಎರಡು ರೂಪಗಳನ್ನು ಗುರುತಿಸಿದರು. ಆಲ್ಫಾ, ಬೀಟಾ ಎಂಬ ಹೆಸರುಗಳು ಅಲ್ಲಿಂದಲೇ ಬಂದವು. ಸುರುಳಿಯ ನಿಖರ ಆಕಾರವನ್ನು ರಸಾಯನವಿಜ್ಞಾನಿ ಲೈನಸ್ ಪೌಲಿಂಗ್ ಮತ್ತು ಜೊತೆಗಾರರು 1951ರಲ್ಲಿ ಮುಂದಿಟ್ಟರು.

ಒಂದು ಸರಳ ಲೆಕ್ಕ ಇಲ್ಲಿ ಕೆಲಸಕ್ಕೆ ಬರುತ್ತದೆ. ಎಲ್ಲ ಸುರುಳಿಗಳೂ ಪೂರ್ತಿ ಬಿಚ್ಚಿದರೆ ಎಳೆ ಎರಡು ಪಟ್ಟಿಗೂ ಮೀರಿ ಉದ್ದವಾಗಬೇಕು. ಆದರೆ ಕಾರ್ಖಾನೆಯಲ್ಲಿ ಉಣ್ಣೆಯನ್ನು ಎಳೆಯುವುದು ಸಾಮಾನ್ಯವಾಗಿ 40ರಿಂದ 50%. ಎಂದರೆ ಮಾರುಕಟ್ಟೆಗೆ ಬರುವ ಎಳೆದ ಉಣ್ಣೆಯಲ್ಲಿ ಆಲ್ಫಾ ಮತ್ತು ಬೀಟಾ ಎರಡೂ ಬೆರೆತೇ ಇರುತ್ತವೆ. ‘ಪೂರ್ತಿ ರೇಷ್ಮೆಯ ರಚನೆಗೆ ಬದಲಾದ ಉಣ್ಣೆ’ ಎಂದು ಯಾರಾದರೂ ಮಾರಿದರೆ ಆ ಮಾತನ್ನು ನಂಬಬೇಕಾಗಿಲ್ಲ. ರೇಷ್ಮೆಯಲ್ಲಿ ಬೀಟಾ ರೂಪ ಇರುವುದು ನಿಜ, ಎಳೆದ ಉಣ್ಣೆಗೆ ರೇಷ್ಮೆಯ ಹೊಳಪು ಬರುವುದೂ ನಿಜ. ಆದರೆ ಆ ಹೊಳಪಿನ ಬಹುಪಾಲು ಬರುವುದು ಎಳೆಯ ಹೊರಮೈಯಿಂದ: ಮೀನಿನ ಮೈಯಂತೆ ಒಂದರ ಮೇಲೊಂದು ಕೂತಿರುವ ಹುರುಪೆಗಳು ಎಳೆತಕ್ಕೆ ನೀಳವಾಗಿ ತೆಳುವಾಗುತ್ತವೆ, ದುಂಡಗಿದ್ದ ಅಡ್ಡಕೊಯ್ತ ಅಲ್ಲಲ್ಲಿ ಚಪ್ಪಟೆಯಾಗಿ ಹಲವು ಮೂಲೆಗಳ ಆಕಾರಕ್ಕೆ ಬರುತ್ತದೆ, ಬೆಳಕು ಆ ಚಪ್ಪಟೆ ಮುಖಗಳ ಮೇಲೆ ಮಿಂಚುತ್ತದೆ.

ಯಾವುದರ ಮೇಲೆ ಅಳೆಯಬೇಕು

ಮೊದಲನೆಯದು ಚರ್ಮಕ್ಕೆ ಚುಚ್ಚುವ ಗುಣ. ಉಣ್ಣೆ ಚುಚ್ಚುವುದು ಅದರ ಸರಾಸರಿ ದಪ್ಪದಿಂದಲ್ಲ, ಗುಂಪಿನಲ್ಲಿರುವ ದಪ್ಪ ಎಳೆಗಳ ತುದಿಗಳಿಂದ. ತೆಳು ಎಳೆಯ ತುದಿ ಚರ್ಮಕ್ಕೆ ತಾಗಿದಾಗ ಬಾಗಿಬಿಡುತ್ತದೆ; 30 ಮೈಕ್ರಾನಿಗಿಂತ ದಪ್ಪದ್ದು ಬಾಗದೆ ಒತ್ತುತ್ತದೆ. ಅಂಥ ಎಳೆಗಳು ನೂರಕ್ಕೆ ಐದನ್ನು ಮೀರಿದರೆ ಬಟ್ಟೆ ಕೆರೆಯತೊಡಗುತ್ತದೆ.

ಎಳೆತದಿಂದ ಇದು ಎಷ್ಟು ಸುಧಾರಿಸುತ್ತದೆ ಎಂದು ನೀವೇ ಲೆಕ್ಕ ಹಾಕಬಹುದು. ಎಳೆಯ ಒಟ್ಟು ಘನಗಾತ್ರ ಹೆಚ್ಚುಕಡಿಮೆ ಅಷ್ಟೇ ಉಳಿಯುವುದರಿಂದ, ಹೊಸ ದಪ್ಪ ಎಂದರೆ ಹಳೆಯ ದಪ್ಪವನ್ನು ಉದ್ದದ ಅನುಪಾತದ ವರ್ಗಮೂಲದಿಂದ ಭಾಗಿಸಿದ್ದು. 19 ಮೈಕ್ರಾನ್ ಎಳೆಯನ್ನು 40% ಎಳೆದರೆ 16ರ ಹತ್ತಿರ ಬರುತ್ತದೆ. 36 ಮೈಕ್ರಾನ್ ಎಳೆಯನ್ನು 45% ಎಳೆದರೆ 30ರ ಗಡಿಯನ್ನು ಕಷ್ಟಪಟ್ಟು ಮುಟ್ಟುತ್ತದೆ. 40 ಮೈಕ್ರಾನಿನದ್ದು 50% ಎಳೆದ ಮೇಲೂ 32ರ ಮೇಲೆಯೇ ನಿಲ್ಲುತ್ತದೆ. ಒರಟು ಉಣ್ಣೆಯನ್ನು ಎಳೆದು ಮೈಗೆ ತಾಗುವ ಬಟ್ಟೆ ಮಾಡಬೇಕೆಂದು ಹೊರಟವರು ಈ ಲೆಕ್ಕವನ್ನು ಮೊದಲು ಮಾಡಿಕೊಂಡರೆ ಎಷ್ಟೋ ಶ್ರಮ ಉಳಿಯುತ್ತದೆ.

ಎರಡನೆಯದು ಚೇತರಿಕೆ: ಹಿಗ್ಗಿಸಿದ ಮೊಣಕೈ ಮತ್ತೆ ಕೂರುತ್ತದೆಯೇ, ಮುದುಡಿದ ಬಟ್ಟೆ ತಾನಾಗಿ ಬಿಡಿಸಿಕೊಳ್ಳುತ್ತದೆಯೇ? ಇದು ಬಿಚ್ಚದೆ ಉಳಿದ ಸುರುಳಿಗಳ ಕೊಡುಗೆ. ಮೂರನೆಯದು ಗಾಳಿ ಹಿಡಿದಿಡುವ ಶಕ್ತಿ, ಎಂದರೆ ಬೆಚ್ಚಗಿಡುವ ಗುಣ. ಇದು ಉಣ್ಣೆಯ ಹುಟ್ಟು ಬಾಗುಗಳಿಂದ ಬರುತ್ತದೆ. ನಾಲ್ಕನೆಯದು ಬಿಸಿನೀರಿನಲ್ಲಿ ಮತ್ತು ಬಣ್ಣದ ತೊಟ್ಟಿಯಲ್ಲಿ ಅಳತೆ ಕೆಡದೆ ಇರುವುದು. ಹೊಳಪು ಮತ್ತು ಇಳಿಬೀಳುವ ಅಂದ ಐದನೆಯದು. ಖರ್ಚು ಕೊನೆಯದು, ಅದರಲ್ಲಿ ಕಚ್ಚಾ ಉಣ್ಣೆಯ ಬೆಲೆಯ ಜೊತೆಗೆ ಯಂತ್ರ, ರಾಸಾಯನಿಕ, ಹಬೆ, ಹರಿದು ಹಾಳಾಗುವ ಎಳೆ, ಹೊರಬಿಡುವ ಕೊಳೆನೀರು ಎಲ್ಲವೂ ಸೇರಬೇಕು.

ಎಳೆಯದೆ ಬಿಡುವುದು

ಹುಟ್ಟಾ ತೆಳುವಾದ ಉಣ್ಣೆಯನ್ನು ಕೊಂಡು ಹಾಗೆಯೇ ನೂಲುವುದು ಖರ್ಚಿನ ದಾರಿ. ಆದರೆ ಸುರುಳಿ, ಬಾಗು, ಹುರುಪೆ ಮೂರೂ ಇದ್ದಂತೆಯೇ ಉಳಿಯುತ್ತವೆ. ಮಗುವಿನ ಅಂಗಿ, ಕಾಲುಚೀಲ, ಮೈಗೆ ಬಿಗಿಯಾಗಿ ಕೂರುವ ಸ್ವೆಟರ್, ಪಕ್ಕೆಲುಬಿನಂತಹ ಹೆಣಿಗೆಯ ಪಟ್ಟಿ, ಹೀಗೆ ಹಿಗ್ಗಿ ಕುಗ್ಗಬೇಕಾದ ಎಲ್ಲಕ್ಕೂ ನಾನು ಹಿಂದೆಮುಂದೆ ನೋಡದೆ ಇದನ್ನೇ ಹೇಳುತ್ತೇನೆ. ಎಳೆದ 16 ಮೈಕ್ರಾನ್ ಮತ್ತು ಬೆಳೆದ 16 ಮೈಕ್ರಾನ್ ಕೈಗೆ ಒಂದೇ ಅನ್ನಿಸಿದರೂ, ಒಂದು ಚಳಿಗಾಲ ತೊಟ್ಟ ಮೇಲೆ ಮೊಣಕೈಯಲ್ಲಿ ವ್ಯತ್ಯಾಸ ಕಾಣುತ್ತದೆ. ಹಣ ಸಾಲದಿದ್ದರೆ 19 ಮೈಕ್ರಾನಿನ ಎಳೆಯದ ಉಣ್ಣೆಗೆ ಇಳಿಯಿರಿ. ಅದೂ ಚರ್ಮಕ್ಕೆ ಹಿತವೇ.

ತಾತ್ಕಾಲಿಕವಾಗಿ ನಿಲ್ಲಿಸಿದ ಎಳೆತ

ಎಳೆದ ಸ್ಥಿತಿ ಎಷ್ಟು ಗಟ್ಟಿಯಾಗಿ ನಿಂತಿದೆ ಎಂಬುದನ್ನು ಅಳೆಯಲು ಲೀಡ್ಸ್‌ನ ಉಣ್ಣೆ ಸಂಶೋಧಕ ಜೆ. ಬಿ. ಸ್ಪೀಕ್‌ಮನ್ ಅವರ ಕಾಲದಿಂದ ಬಂದ ಸರಳ ಒರೆಗಲ್ಲಿದೆ. ತಣ್ಣೀರು ತಾಗಿದೊಡನೆ ಹಿಂದಿರುಗಿದರೆ ಅದು ಬರೀ ಒಣಗಿ ನಿಂತ ಎಳೆತ. ತಣ್ಣೀರಿಗೆ ಜಗ್ಗದೆ ಕುದಿನೀರಿಗೆ ಅಥವಾ ಹಬೆಗೆ ಹಿಂದಿರುಗಿದರೆ ತಾತ್ಕಾಲಿಕ. ಕುದಿನೀರಿನಲ್ಲೂ ಉದ್ದ ಉಳಿದರೆ ಶಾಶ್ವತ.

ತಾತ್ಕಾಲಿಕ ಎಂದೊಡನೆ ಅದನ್ನು ಕೀಳಾಗಿ ಕಾಣುವವರಿದ್ದಾರೆ, ಹಾಗೆ ಕಾಣಬಾರದು. ಇದನ್ನು ಸಾಮಾನ್ಯ ಉಣ್ಣೆಯ ಜೊತೆ ಬೆರೆಸಿ ನೂತು, ಆಮೇಲೆ ಬಿಸಿನೀರಿನಲ್ಲಿ ಅದ್ದಿದರೆ ಎಳೆದ ಎಳೆಗಳು ತಮ್ಮ ಹಳೆಯ ಉದ್ದಕ್ಕೆ ಕುಗ್ಗುತ್ತವೆ. ಜೊತೆಯಲ್ಲಿರುವ ಸಾಮಾನ್ಯ ಎಳೆಗಳಿಗೆ ಕುಗ್ಗಲು ಬಾರದು, ಅವು ಹೊರಕ್ಕೆ ಬಾಗಿ ಉಬ್ಬುತ್ತವೆ. ನೂಲು ತೂಕ ಹೆಚ್ಚದೆ ತುಂಬಿಕೊಳ್ಳುತ್ತದೆ. ಹಗುರವಾಗಿರಬೇಕು, ಆದರೆ ದಪ್ಪಗೆ ಬೆಚ್ಚಗಿರಬೇಕು ಎನ್ನುವ ಸ್ವೆಟರಿಗೂ ಹೊದಿಕೆಗೂ ಇದಕ್ಕಿಂತ ಚೆಂದದ ಉಪಾಯ ನನಗೆ ಗೊತ್ತಿಲ್ಲ. ಆಸ್ಟ್ರೇಲಿಯಾದ ಸರ್ಕಾರಿ ಸಂಶೋಧನಾ ಸಂಸ್ಥೆ ಸಿಎಸ್‌ಐಆರ್‌ಒ ರೂಪಿಸಿದ ಆಪ್ಟಿಮ್ ಎಂಬ ಎಳೆದ ಉಣ್ಣೆಯೂ ಈ ಎರಡು ಬಗೆಗಳಲ್ಲಿ ಬಂದಿತ್ತು: ತೆಳುವಾಗಿಯೇ ಉಳಿಯುವುದು ಒಂದು, ಕುಗ್ಗಿ ಉಬ್ಬಿಸುವುದು ಇನ್ನೊಂದು.

ಎಡವುವುದು ಎಲ್ಲಿ ಎಂದರೆ, ಈ ಎರಡನೆಯ ಬಗೆಯನ್ನು ಮೊದಲನೆಯದೆಂದು ತಿಳಿದು ಹೆಣೆದಾಗ. ನನಗೇ ಹೀಗಾಗಿದೆ. ತೆಳುವಾದ ಹೊಳೆಯುವ ನೂಲೆಂದು ಕೊಂಡು ಒಂದು ಶಾಲು ನೇಯಿಸಿದೆ. ಬಣ್ಣದ ತೊಟ್ಟಿಯಿಂದ ಹೊರಬಂದದ್ದು ಕುಗ್ಗಿ ದಪ್ಪಗಾದ ಮಂಕು ತುಂಡು. ನೂಲಿನಲ್ಲಿ ದೋಷವಿರಲಿಲ್ಲ, ಯಾವ ಬಗೆಯದೆಂದು ನಾನು ಪರೀಕ್ಷಿಸಿರಲಿಲ್ಲ. ಆ ಪರೀಕ್ಷೆಯನ್ನು ಕೊನೆಯಲ್ಲಿ ವಿವರಿಸಿದ್ದೇನೆ.

ಶಾಶ್ವತವಾಗಿ ನಿಲ್ಲಿಸಿದ ಎಳೆತ

ಇಲ್ಲಿ ಡೈಸಲ್ಫೈಡ್ ಬಂಧಗಳನ್ನೇ ಬಿಡಿಸಿ, ಎಳೆದ ಸ್ಥಿತಿಯಲ್ಲಿ ಹೊಸದಾಗಿ ಬೆಸೆಯಬೇಕು. ರಾಸಾಯನಿಕವಿಲ್ಲದೆ ಬರೀ ಹಬೆಯಿಂದಲೂ ಇದು ಸಾಧ್ಯ, ಆದರೆ ತಾಳ್ಮೆ ಬೇಕು. ಹಬೆಯಲ್ಲಿ ಎಳೆದು ಕೆಲವೇ ನಿಮಿಷಗಳಲ್ಲಿ ಬಿಟ್ಟರೆ ಎಳೆ ಮೂಲ ಉದ್ದಕ್ಕಿಂತಲೂ ಗಿಡ್ಡವಾಗಿಬಿಡುತ್ತದೆ: ಹಳೆಯ ಬಂಧಗಳು ಮುರಿದಿರುತ್ತವೆ, ಹೊಸವು ಇನ್ನೂ ಬೆಸೆದಿರುವುದಿಲ್ಲ, ಹಿಡಿದಿಡುವವರಿಲ್ಲದ ಸರಪಳಿಗಳು ಮುದುಡಿಕೊಳ್ಳುತ್ತವೆ. ಎಳೆದ ಸ್ಥಿತಿಯಲ್ಲೇ ಹಿಡಿದು ಹಬೆ ಮುಂದುವರಿಸಿದರೆ ಹೊಸ ಬಂಧಗಳು ಕೂಡಿಕೊಂಡು ಉದ್ದ ನಿಲ್ಲುತ್ತದೆ. ಅವುಗಳಲ್ಲಿ ಒಂದು ಬಗೆ ಲ್ಯಾಂಥಿಯೋನಿನ್. ಇದರಲ್ಲಿ ಎರಡರ ಬದಲು ಒಂದೇ ಗಂಧಕ, ಹಾಗಾಗಿ ಡೈಸಲ್ಫೈಡಿನಂತೆ ಸುಲಭವಾಗಿ ಮತ್ತೆ ಬಿಡಿಸಲು ಬರುವುದಿಲ್ಲ.

ಸೋಡಿಯಂ ಬೈಸಲ್ಫೈಟಿನ ದ್ರಾವಣದಲ್ಲಿ ಮೊದಲೇ ನೆನೆಸಿದರೆ ಡೈಸಲ್ಫೈಡ್ ಬಂಧಗಳು ಬೇಗ ತೆರೆದುಕೊಳ್ಳುತ್ತವೆ. ಕಡಿಮೆ ಬಲ ಸಾಕು, ಎಳೆ ತುಂಡಾಗುವುದೂ ಕಡಿಮೆ. ಎಳೆದ ಮೇಲೆ ಹಬೆಯಲ್ಲಿ ಹಿಡಿದೋ, ಹೈಡ್ರೋಜನ್ ಪೆರಾಕ್ಸೈಡಿನಂತಹ ಉತ್ಕರ್ಷಕದಿಂದಲೋ ಬಂಧಗಳನ್ನು ಮತ್ತೆ ಬೆಸೆಯುತ್ತಾರೆ. ಕೂದಲಿಗೆ ಶಾಶ್ವತ ಗುಂಗುರು ಬರಿಸುವಾಗಲೂ ನೇರ ಮಾಡುವಾಗಲೂ ನಡೆಯುವುದು ಇದೇ ಬಗೆಯ ಬಿಡಿಸಿ ಬೆಸೆಯುವ ಕೆಲಸ.

ಎರಡರಲ್ಲಿ ಯಾವುದು? ಸಣ್ಣ ಪ್ರಮಾಣದಲ್ಲಿ ಪ್ರಯೋಗಕ್ಕಾಗಿ ಮಾಡುವವರಿಗೆ ಹಬೆಯೇ ಒಳ್ಳೆಯದು. ನಿಧಾನವಾದರೂ ತೊಳೆಯಬೇಕಾದ ರಾಸಾಯನಿಕ ಉಳಿಯುವುದಿಲ್ಲ. ಬೈಸಲ್ಫೈಟಿಗೆ ಆಮ್ಲ ತಾಗಿದರೆ ಸಲ್ಫರ್ ಡೈಆಕ್ಸೈಡ್ ಹೊರಬರುತ್ತದೆ. ಆಸ್ತಮಾ ಇರುವವರಿಗೆ ಅದು ಅಪಾಯ, ಉಳಿದವರಿಗೂ ಗಾಳಿ ಆಡುವ ಜಾಗ ಬೇಕೇ ಬೇಕು. ನಿರಂತರವಾಗಿ ದೊಡ್ಡ ಪ್ರಮಾಣದಲ್ಲಿ ಮಾಡುವವರಿಗೆ ಬೈಸಲ್ಫೈಟ್ ಸಮಯ ಉಳಿಸುತ್ತದೆ. ಆದರೆ ಅತಿಯಾದರೆ ಎಳೆ ಸೊರಗುತ್ತದೆ: ತೆರೆದ ಬಂಧಗಳೆಲ್ಲ ಮತ್ತೆ ಕೂಡುವುದಿಲ್ಲ, ಒದ್ದೆಯಾದಾಗ ನೂಲು ಬಲ ಕಳೆದುಕೊಳ್ಳುತ್ತದೆ.

ಸಿಗುವ ಲಾಭ ಸಣ್ಣದಲ್ಲ. ಒಂದು ಎಳೆ ಬಾಗಲು ಒಡ್ಡುವ ತಡೆ ದಪ್ಪದ ನಾಲ್ಕನೇ ಘಾತದಂತೆ ಇಳಿಯುತ್ತದೆ; 40% ಎಳೆತಕ್ಕೆ, ದಪ್ಪವೊಂದನ್ನೇ ನೋಡಿದರೆ, ಅದು ಅರ್ಧಕ್ಕೆ ಬರುತ್ತದೆ. ಬಟ್ಟೆ ನೀರಿನಂತೆ ಇಳಿಬೀಳುತ್ತದೆ. ನೂಲಿನ ಅಡ್ಡಕೊಯ್ತದಲ್ಲಿ 35ರಿಂದ 40 ಎಳೆಗಳಾದರೂ ಇಲ್ಲದಿದ್ದರೆ ನೂಲು ಕಡಿಯುತ್ತದೆ ಎಂಬುದು ನೂಲುವವರು ಬಲ್ಲ ಮಾತು. ಎಳೆ ತೆಳುವಾದಷ್ಟೂ ಅಷ್ಟೇ ಎಳೆಗಳಿಂದ ಇನ್ನೂ ಸಣ್ಣ ನೂಲು ತೆಗೆಯಬಹುದು. ಬಣ್ಣವೂ ಬೇಗ ಹೀರಿಕೊಳ್ಳುತ್ತದೆ. ಹೀಗಾಗಿ ಎಳೆದದ್ದನ್ನೂ ಎಳೆಯದ್ದನ್ನೂ ಒಂದೇ ತೊಟ್ಟಿಯಲ್ಲಿ ಹಾಕಿದರೆ ಛಾಯೆ ಹೊಂದುವುದಿಲ್ಲ.

ಬಿಟ್ಟುಕೊಡುವುದೂ ಅಷ್ಟೇ ಸ್ಪಷ್ಟ. ಹಿಗ್ಗುವ ಶಕ್ತಿಯನ್ನು ಆಗಲೇ ಖರ್ಚು ಮಾಡಿರುವುದರಿಂದ ಇನ್ನು ಸ್ವಲ್ಪ ಎಳೆದರೆ ಕಡಿಯುತ್ತದೆ. ಬಾಗುಗಳು ನೇರವಾಗಿರುವುದರಿಂದ ಗಾಳಿ ಹಿಡಿಯುವುದಿಲ್ಲ, ಅದೇ ತೂಕಕ್ಕೆ ಬೆಚ್ಚಗೂ ಕಡಿಮೆ. ಸುಕ್ಕು ಬಿಡಿಸಿಕೊಳ್ಳುವ ಗುಣ ತಗ್ಗುತ್ತದೆ. ಆದ್ದರಿಂದ ಕೊರಳವಸ್ತ್ರ, ತೆಳು ಶಾಲು, ಹೊಳೆಯುವ ಮೇಲುಡುಪು, ರೇಷ್ಮೆಯ ಜೊತೆ ಬೆರೆಸುವ ನೂಲು ಇವಕ್ಕೆ ಆಯ್ದುಕೊಳ್ಳಿ. ಕೂತೆದ್ದು ಮಾಡುವ ಪ್ಯಾಂಟಿಗೆ, ಕಾಲುಚೀಲಕ್ಕೆ ಬೇಡ.

ಎಳೆತದ ಬದಲು ಹುರುಪೆ ಸವೆಸುವುದು

ಬೇಕಾಗಿರುವುದು ಯಂತ್ರದಲ್ಲಿ ಒಗೆಯಬಹುದಾದ, ಕುಗ್ಗದ ಉಣ್ಣೆ ಮಾತ್ರ ಎಂದಾದರೆ ಎಳೆತದ ಗೊಡವೆಗೇ ಹೋಗಬೇಡಿ. ಕ್ಲೋರಿನ್‌ನಿಂದ ಹುರುಪೆಯ ಅಂಚುಗಳನ್ನು ಸವೆಸಿ ಮೇಲೆ ರಾಳದ ತೆಳು ಪದರ ಲೇಪಿಸುವ ವಿಧಾನ ಬಹಳ ಕಾಲದಿಂದ ಬಳಕೆಯಲ್ಲಿದೆ. ಒಳಗಿನ ಸುರುಳಿಗಳು ಹಾಗೆಯೇ ಉಳಿಯುವುದರಿಂದ ಚೇತರಿಕೆ ಕೆಡುವುದಿಲ್ಲ. ದಪ್ಪವೂ ಇಳಿಯುವುದಿಲ್ಲ, ಚುಚ್ಚುವ ಉಣ್ಣೆ ಚುಚ್ಚುತ್ತಲೇ ಇರುತ್ತದೆ. ಕೊಳೆನೀರಿನಲ್ಲಿ ಕ್ಲೋರಿನ್ ಸೇರಿದ ಸಾವಯವ ವಸ್ತುಗಳು ಉಳಿಯುವುದು ಇದರ ದೊಡ್ಡ ಕೊರತೆ.

ಯಾವ ಪ್ರಾಣಿಯ ಕೂದಲು

ಎಳೆಯುವ ಯಂತ್ರ ಒಂದೊಂದೇ ಎಳೆಯನ್ನು ಹಿಡಿಯುವುದಿಲ್ಲ. ಬಾಚಿದ ಉಣ್ಣೆಯ ಪಟ್ಟಿಗೆ ತಿರುಚು ಕೊಟ್ಟು, ಎಳೆಗಳು ಒಂದನ್ನೊಂದು ಬಿಗಿಯಾಗಿ ಹಿಡಿದುಕೊಂಡ ಮೇಲೆ ಇಡೀ ಪಟ್ಟಿಯನ್ನು ಎಳೆಯುತ್ತದೆ. ಎಳೆ ಗಿಡ್ಡವಾದರೆ ಹಿಗ್ಗುವ ಬದಲು ಜಾರುತ್ತದೆ. ಪಟ್ಟಿ 50% ಉದ್ದವಾದರೂ ಎಳೆಗಳು ಅಷ್ಟು ಉದ್ದವಾಗಿರುವುದಿಲ್ಲ. ಈ ಕಾರಣಕ್ಕೆ ಕುರಿಯ ಉದ್ದ ಉಣ್ಣೆ ಎಲ್ಲಕ್ಕಿಂತ ಸಲೀಸು.

ಕ್ಯಾಶ್ಮೀರ್ ಮೇಕೆಯ ಒಳಗೂದಲು ಗಿಡ್ಡವೂ ಹೌದು, 14ರಿಂದ 19 ಮೈಕ್ರಾನಿನಷ್ಟು ತೆಳುವೂ ಹೌದು. ಎಳೆದು ಪಡೆಯುವುದು ಕಡಿಮೆ, ಕಳೆದುಕೊಳ್ಳುವುದು ಹೆಚ್ಚು. ಅಂಗೋರಾ ಮೊಲದ ಕೂದಲು ಇನ್ನೂ ತೆಳು, ಜೊತೆಗೆ ಒಳಗೆ ಸಾಲಾಗಿ ಗಾಳಿಯ ಗೂಡುಗಳಿರುತ್ತವೆ. ಎಳೆದಾಗ ಅದು ಕಡಿಯುವುದು ಅಲ್ಲೇ, ಬೆಚ್ಚಗಿಡುವುದೂ ಅವೇ ಗೂಡುಗಳು. ಅದನ್ನು ಮುಟ್ಟದೆ ಬಿಡಬೇಕು. ಮೊಹೇರ್, ಎಂದರೆ ಅಂಗೋರಾ ಮೇಕೆಯ ಕೂದಲು, ಹುಟ್ಟಿನಿಂದಲೇ ನುಣುಪು ಹುರುಪೆಯದು, ಹೊಳಪಿಗಾಗಿ ಎಳೆಯುವ ಅಗತ್ಯವಿಲ್ಲ.

ನಿಜವಾಗಿ ಪ್ರಯೋಜನ ಕಾಣುವುದು ಯಾಕ್ ಮತ್ತು ಒಂಟೆಯ ಕೂದಲಿನಲ್ಲಿ. ಇವುಗಳ ಮೈಮೇಲೆ ಮೆತ್ತನೆಯ ಒಳಗೂದಲು, ಒರಟು ಹೊರಗೂದಲು, ನಡುವಿನ ದಪ್ಪದ್ದು ಎಲ್ಲ ಬೆರೆತಿರುತ್ತವೆ. ಒಳಗೂದಲನ್ನು ಬೇರ್ಪಡಿಸಿ ಹಾಗೆಯೇ ನೂಲಿ. ಅತಿ ಒರಟಾದದ್ದನ್ನು ಹಗ್ಗಕ್ಕೋ ಬ್ರಷ್ಷಿಗೋ ಬಿಡಿ, ಮೇಲಿನ ಲೆಕ್ಕದಂತೆ ಅದು 30 ಮೈಕ್ರಾನಿಗೆ ಇಳಿಯಲಾರದು. ನಡುವಿನ 25ರಿಂದ 35 ಮೈಕ್ರಾನಿನ ಉದ್ದ ಎಳೆಗಳನ್ನು ಎಳೆಯಿರಿ. ಅಗ್ಗಕ್ಕೆ ಹೋಗುತ್ತಿದ್ದ ಸರಕು ಅಲ್ಲಿ ಬಟ್ಟೆಗೆ ಯೋಗ್ಯವಾಗುತ್ತದೆ. ಮನುಷ್ಯರ ಕೂದಲಿನಲ್ಲಿ ಗಂಧಕದ ಬಂಧಗಳು ಉಣ್ಣೆಗಿಂತ ಹೆಚ್ಚು, ಹೀಗಾಗಿ ಉಣ್ಣೆಗೆ ಸಾಲುವ ಬೈಸಲ್ಫೈಟ್, ಹಬೆಯ ಸಮಯ ಅದಕ್ಕೆ ಸಾಲುವುದಿಲ್ಲ.

ಕೊಳ್ಳುವ ಮುನ್ನ ಒಂದು ಪರೀಕ್ಷೆ

ರಚನೆಯನ್ನು ನೋಡಬೇಕಾದ ವಿದ್ಯಾರ್ಥಿಗಳಿಗೆ ಕ್ಷ-ಕಿರಣ ವಿವರ್ತನೆಯೇ ನೇರ ದಾರಿ: ಆಲ್ಫಾ ಕರಗಿದಂತೆ 5.1 ಆಂಗ್‌ಸ್ಟ್ರಾಮ್‌ನ ಗುರುತು ಮಸುಕಾಗುತ್ತದೆ, ಬೀಟಾದ 4.65ರ ಗುರುತು ಮೂಡುತ್ತದೆ. ಆ ಸೌಲಭ್ಯವಿಲ್ಲದಿದ್ದರೆ ಅವಕೆಂಪು (ಇನ್‌ಫ್ರಾರೆಡ್) ರೋಹಿತದಲ್ಲಿ ಪ್ರೋಟೀನಿನ ಅಮೈಡ್ ಪಟ್ಟಿ 1650 cm⁻¹ ಸುತ್ತಿನಿಂದ 1630ರತ್ತ ಸರಿಯುವುದನ್ನು ನೋಡಿ. ಅಡ್ಡಕೊಯ್ತಕ್ಕೂ ಹುರುಪೆಗೂ ಸೂಕ್ಷ್ಮದರ್ಶಕ ಸಾಕು.

ನೂಲು ಕೊಳ್ಳುವವರಿಗೆ ಒಂದು ಅಳತೆಪಟ್ಟಿ, ಒಂದು ಪಾತ್ರೆ ಕುದಿನೀರು ಇದ್ದರೆ ಆಯಿತು. ನೂಲಿನಿಂದ ಹತ್ತಿಪ್ಪತ್ತು ಎಳೆಗಳನ್ನು ಬಿಡಿಸಿ ಉದ್ದ ಬರೆದುಕೊಳ್ಳಿ. ಎಲ್ಲೂ ಕಟ್ಟದೆ ಸಡಿಲವಾಗಿ ಕುದಿನೀರಿನಲ್ಲಿ ಒಂದು ಗಂಟೆ ಬಿಟ್ಟು, ಒಣಗಿಸಿ, ಮತ್ತೆ ಅಳೆಯಿರಿ. ಉದ್ದ ಬಹುತೇಕ ಅಷ್ಟೇ ಇದ್ದರೆ ಆ ನೂಲು ಎಳೆಯದ್ದು ಅಥವಾ ಶಾಶ್ವತವಾಗಿ ನಿಲ್ಲಿಸಿದ್ದು. ಬಾಗು ಇದೆಯೇ ಇಲ್ಲವೇ ಎಂದು ನೋಡಿದರೆ ಇವೆರಡರಲ್ಲಿ ಯಾವುದೆಂದು ಹೊಳೆಯುತ್ತದೆ. ಐದರಲ್ಲಿ ಒಂದು ಭಾಗಕ್ಕಿಂತ ಹೆಚ್ಚು ಕುಗ್ಗಿದರೆ ಅದು ತಾತ್ಕಾಲಿಕ, ಉಬ್ಬುವ ನೂಲಿಗೆ ಮಾತ್ರ ಬಳಸಿ.

ನೀವೇ ಎಳೆದಿದ್ದರೆ ಲೆಕ್ಕ ಇನ್ನೂ ನಿಖರ. 50 ಮಿಲಿಮೀಟರ್ ಎಳೆಯನ್ನು 70ಕ್ಕೆ ಎಳೆದು, ಕುದಿಸಿದ ಮೇಲೆ 64 ಉಳಿದರೆ, ಹಿಗ್ಗಿಸಿದ 20ರಲ್ಲಿ 14 ನಿಂತಿದೆ, ಎಂದರೆ 70%. ಶಾಲಿಗೆ ಅಷ್ಟು ಸಾಲದು: ಉಳಿದ 6 ಮಿಲಿಮೀಟರ್ ಮೊದಲ ಬಿಸಿ ಒಗೆತದಲ್ಲೇ ಹಿಂದಿರುಗುತ್ತದೆ. ಹಬೆಯ ಸಮಯವನ್ನು ಹೆಚ್ಚಿಸಿ ಹೊಸ ಎಳೆಗಳ ಮೇಲೆ ಇದೇ ಪರೀಕ್ಷೆ ಮಾಡಿ, ಅಂಕಿ 90ನ್ನು ದಾಟುವವರೆಗೆ ಪೂರ್ತಿ ಸರಕಿಗೆ ಕೈಹಾಕಬೇಡಿ.